ಕಾಲಂ ಹದಿನೇಳು: ಬಾಲದ ಉದ್ದ

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಗಡಿ ಗೇಟಿನ ಪಶು ತಪಾಸಣಾ ಕಚೇರಿಯ ಡಾಕ್ಟರಮ್ಮ ಠಾಣೆಗೆ ಬಂದ್ರು. ಕೈಯಲ್ಲಿ ಒಂದು ಲಕೋಟೆ, ಮುಖದಲ್ಲಿ ಮೂರು ದಿನ ಜ್ವರ ಬಂದು ಎದ್ದವರ ಕಳೆ.

"ಸಾಹೇಬ್ರೆ, ಒಂದು ನಾಯಿ ದೇಶ ದಾಟಿಬಿಟ್ಟಿದೆ."

ಹೆಡ್ ಕಾನ್‌ಸ್ಟೇಬಲ್ ಪೆನ್ನಿನ ಮುಚ್ಚಳ ತೆಗೆದ. "ಕಳುವಾದ ನಾಯಿನಾ, ಓಡಿಹೋದ ನಾಯಿನಾ ಮೇಡಂ?"

"ಎರಡೂ ಅಲ್ಲ ಕಣ್ರಿ. ನಮ್ಮ ಕಚೇರಿ ಸರ್ಟಿಫಿಕೇಟ್ ತೋರಿಸಿ ರಾಜಾರೋಷವಾಗಿ ಹೋಗಿದೆ. ಆ ಸರ್ಟಿಫಿಕೇಟ್ ನಾನು ಕೊಟ್ಟಿಲ್ಲ."

ಲಕೋಟೆಯಲ್ಲಿದ್ದದ್ದು ಆ ಕಡೆಯ ಕಚೇರಿಯ ಪತ್ರ. ಶುಕ್ರವಾರ ಒಂದು ಕಂದು ಬಣ್ಣದ ಗಂಡುನಾಯಿ ಸರ್ಟಿಫಿಕೇಟ್ ನಂಬರ್ 212ರ ಮೇಲೆ ದಾಟಿ ಬಂದಿದೆ, ಸಹಿ ಮಾಡಿದ ವೈದ್ಯರ ಹೆಸರು ನಮ್ಮ ಪಟ್ಟಿಯಲ್ಲಿಲ್ಲ, ಇದು ನಿಮ್ಮದೇ ಕಾಗದವೋ ಅಲ್ಲವೋ ಸೋಮವಾರ ಸಂಜೆ ಐದರೊಳಗೆ ತಿಳಿಸಿ, ಅಲ್ಲೀತನಕ ನಾಯಿ ನಮ್ಮ ಗೂಡಿನಲ್ಲಿರುತ್ತದೆ, ಅಂತ. ಜೊತೆಗೆ ಸರ್ಟಿಫಿಕೇಟಿನ ನಕಲು. ಸಹಿ ಹತ್ತು ವರ್ಷದ ಹಿಂದೆ ವರ್ಗವಾಗಿ ಹೋದ ಡಾಕ್ಟರದು. ಮೊಹರು ಹಳೇ ಗುಂಡು ಮೊಹರು.

ಇನ್ಸ್‌ಪೆಕ್ಟರ್ ಹತ್ತು ಐವತ್ತಕ್ಕೆ ಎಫ್.ಐ.ಆರ್. ಹಾಕಿಸಿದ್ರು. ಸರ್ಕಾರಿ ಕಾಗದದ ಕಳವು, ಖೊಟ್ಟಿ ಸಹಿ, ಖೊಟ್ಟಿ ಮೊಹರು. ಆರೋಪಿ: ಅಪರಿಚಿತ.

"ಒಂದು ನಾಯಿ ದಾಟೋಕೆ ಏನೇನು ಬೇಕು ಮೇಡಂ?"

"ಮೊದಲು ಕತ್ತಿನ ಚರ್ಮದೊಳಗೆ ಚಿಪ್. ಚಿಪ್ ಆದ್ಮೇಲೆ ಹುಚ್ಚುನಾಯಿ ರೋಗದ ಲಸಿಕೆ. ಮೂವತ್ತು ದಿನ ಬಿಟ್ಟು ರಕ್ತಪರೀಕ್ಷೆ. ಅಲ್ಲಿಂದ ತೊಂಬತ್ತು ದಿನ ಕಾಯಬೇಕು."

"ಚಿಪ್‌ಗೆ ಮುಂಚೆನೇ ಲಸಿಕೆ ಹಾಕಿಸಿದ್ರೆ?"

"ಅದು ಲೆಕ್ಕಕ್ಕಿಲ್ಲ. ಅದೇ ನಾಯಿಗೇ ಹಾಕಿದ್ದು ಅಂತ ಏನು ಗ್ಯಾರಂಟಿ?"

"ನನ್ನ ಮದುವೇಲಿ ಇಷ್ಟು ವಿಚಾರಿಸಿರಲಿಲ್ಲ ಸಾರ್," ಅಂದ ಹೆಡ್ ಕಾನ್‌ಸ್ಟೇಬಲ್. "ವಿಚಾರಿಸಿದ್ರೆ ಚೆನ್ನಾಗಿತ್ತು."

ಇನ್ಸ್‌ಪೆಕ್ಟರ್ ನಗಲಿಲ್ಲ. ಅವರು ಹುಟ್ಟಿ ಬೆಳೆದದ್ದು ಇದೇ ಊರಲ್ಲಿ, ಗಡಿ ಅಂದ್ರೆ ಒಂದು ಬಿದಿರಿನ ಗಳ, ಅದರ ಬುಡಕ್ಕೆ ಕಟ್ಟಿದ ಒಂದು ಕಲ್ಲು ಅಂತಿದ್ದ ಕಾಲದಲ್ಲಿ. ಮನುಷ್ಯರು ಗಳ ಎತ್ತೋವರೆಗೂ ಕಾಯೋರು. ನಾಯಿಗಳು ಅಡೀಲಿ ನುಸುಳೋವು. ಆಗೊಂದು ಕರಿನಾಯಿ ಇತ್ತು. ಬೆಳಿಗ್ಗೆ ತಿಂಡಿ ಈ ದೇಶದಲ್ಲಿ, ಮಧ್ಯಾಹ್ನ ಊಟ ಆ ದೇಶದಲ್ಲಿ, ಸಂಸಾರ ಎರಡೂ ಕಡೆ. ಜಾನುವಾರು ಗಣತಿ ಬಂದಾಗ ಎರಡು ಸರ್ಕಾರಗಳೂ ಅದನ್ನ ಬರ್ಕೊಂಡು ಹೋದವು, ಎರಡು ಕಡೆಗೂ ಒಂದೊಂದು ನಾಯಿ ಹೆಚ್ಚಾಯ್ತು. ಯಾರೂ ತಕರಾರು ಮಾಡಲಿಲ್ಲ. ಈಗ ಗಳದ ಜಾಗದಲ್ಲಿ ತಗಡಿನ ಗೋಡೆ, ನಾಯಿಗೆ ಅಂತಲೇ ನಲವತ್ತಾರು ಪುಟದ ನಿಯಮದ ಪುಸ್ತಕ.

ಗೇಟಿನ ಕ್ಯಾಮೆರಾ ನೋಡಿದ್ರು. ಅದರ ಮೇಲೆ ಕಾಗೆ ಗೂಡು ಕಟ್ಟಿತ್ತು, ನಾಲ್ಕು ತಿಂಗಳಿಂದ ಬರೀ ಕಾಗೆಯ ಸಂಸಾರವೇ ರೆಕಾರ್ಡ್ ಆಗಿತ್ತು. ಕಾವಲುಗಾರನನ್ನ ಕೇಳಿದ್ರು.

"ನಾಯಿ ಹಿಡಿದವರು ಯಾರು?"

"ಆ ಕಡೆಯ ಲಾರಿ ಡ್ರೈವರ್ ಸಾರ್."

"ಅವನಿಗೆ ಕೊಟ್ಟಿದ್ದು ಯಾರು?"

"ನೋಡಿಲ್ಲ ಸಾರ್. ಕಾಗದ ಸರಿ ಇದ್ರೆ ನಾವು ಮುಖ ನೋಡಲ್ಲ."

ಕಾಗದದ ಮಾಲೀಕರ ಕಾಲಂನಲ್ಲಿ ಆ ಕಡೆಯ ಒಬ್ಬ ಹೆಂಗಸಿನ ಹೆಸರಿತ್ತು. ಇಲ್ಲಿ ಯಾರಿಗೂ ಪರಿಚಯವಿಲ್ಲ.

ಹನ್ನೊಂದೂವರೆಗೆ ಕಚೇರಿಯಲ್ಲಿ ಪಂಚನಾಮೆ. ಟೀ ಅಂಗಡಿಯವನೂ ಅವನ ಭಾಮೈದನೂ ಪಂಚರು. ಒಂದು ಕಬ್ಬಿಣದ ಬೀರು, ಬೀಗ ಒಡೆದಿಲ್ಲ. ಕೀಲಿ ಕ್ಯಾಲೆಂಡರಿನ ಹಿಂದಿನ ಮೊಳೆಯಲ್ಲಿ ನೇತಾಡ್ತಿತ್ತು. ಕೀಲಿ ಅಲ್ಲಿರೋದು ಕಚೇರಿಯ ಪರಮ ರಹಸ್ಯ ಅಂದ್ರು ಡಾಕ್ಟರಮ್ಮ. ಟೀ ಅಂಗಡಿಯವ ತನಗೂ ಗೊತ್ತು ಅಂತ ತಲೆಯಾಡಿಸಿದ.

ಸರ್ಟಿಫಿಕೇಟ್ ಪುಸ್ತಕ ಈಚೆ ಬಂತು. 212ನೇ ಹಾಳೆಯನ್ನ ಸ್ಕೇಲ್ ಇಟ್ಟು ನೀಟಾಗಿ ಹರಿದಿದ್ರು. ಕಚೇರಿಯಲ್ಲಿ ಉಳಿಯೋ ಅರ್ಧಪ್ರತಿಯಲ್ಲಿ ಎಲ್ಲಾ ವಿವರ ಬರೆದೇ ಹೋಗಿದ್ರು.

"ಸಾರ್," ಅಂದ ಹೆಡ್ ಕಾನ್‌ಸ್ಟೇಬಲ್, "ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ರಶೀದಿ ಕೊಟ್ಟು ಹೋದ ಮೊದಲನೇ ಕಳ್ಳ ಇವನು."

ಇನ್ಸ್‌ಪೆಕ್ಟರ್ ಒಂದೊಂದೇ ಕಾಲಂ ಓದ್ತಾ ಬಂದು ಹದಿನೇಳರಲ್ಲಿ ನಿಂತ್ರು. ಬಾಲದ ಉದ್ದ: ಹನ್ನೊಂದೂಮುಕ್ಕಾಲು ಇಂಚು, ತುದಿ ಬಿಳಿ. ಹಿಂದಿನ ಹಾಳೆ ತಿರುವಿದ್ರು. ಅದರಲ್ಲಿ ಬರೀ ಗೀಟು. ಅದರ ಹಿಂದಿನದರಲ್ಲೂ ಗೀಟು.

"ಇದನ್ನ ಯಾರೂ ತುಂಬಲ್ವಾ ಮೇಡಂ?"

"ಯಾರು ತುಂಬ್ತಾರೆ? ಬಾಲ ಅಳೆಯೋಕೆ ಹೋದ್ರೆ ನಾಯಿ ನಮ್ಮನ್ನ ಅಳೆಯುತ್ತೆ."

"ಯಾವಾಗಿಂದ ತುಂಬಿಲ್ಲ?"

ಅದನ್ನ ನೋಡೋಕೆ ಅಟ್ಟದಿಂದ ಹಳೇ ಪುಸ್ತಕಗಳನ್ನ ಇಳಿಸಿದ್ರು. ಎಂಟು ವರ್ಷದಷ್ಟು ಗೀಟು. ಅದಕ್ಕೂ ಹಿಂದೆ, ಮೂವತ್ತೊಂದು ವರ್ಷ, ಒಂದು ನಾಯಿಯನ್ನೂ ಬಿಡದೆ ಬಾಲ. ಒಂಬತ್ತೂಕಾಲು. ಹದಿಮೂರು. ಮೊಂಡು, ಅಳತೆಗೆ ಸಿಗುವುದಿಲ್ಲ. ಎಲ್ಲಾ ಒಂದೇ ಗುಂಡು ಅಕ್ಷರ.

ಇನ್ಸ್‌ಪೆಕ್ಟರ್‌ಗೆ ಆ ಅಕ್ಷರ ಗೊತ್ತಿತ್ತು. ಅವರಿಗೆ ಒಂಬತ್ತು ವರ್ಷ ಆಗಿದ್ದಾಗ ಗಳದ ಹತ್ತಿರ ಒಂದು ನಾಯಿ ಮೀನಖಂಡಕ್ಕೆ ಬಾಯಿ ಹಾಕಿತ್ತು. ಮನೆಯವರು ಅರಿಸಿನ ಹಚ್ಚಿ ಸುಮ್ಮನಾಗೋದ್ರಲ್ಲಿದ್ರು. ದನದಾಸ್ಪತ್ರೆಯ ಕಾಂಪೌಂಡರ್ ಮನೆಗೇ ಬಂದು ಬೈದು, ಸೈಕಲ್ ಕಂಬಿ ಮೇಲೆ ಕೂರಿಸ್ಕೊಂಡು ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿದ್ರು. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ, ಹದಿನಾಲ್ಕು ದಿನ. ಪ್ರತಿ ಸೂಜಿ ಆದ್ಮೇಲೂ ಒಂದು ಚೀಟಿ ಬರೆದು ಜೇಬಿಗೆ ಹಾಕೋರು: ಐದನೆಯದು, ಅಳಲಿಲ್ಲ. ಆರನೆಯದು, ಸ್ವಲ್ಪ ಅತ್ತ.

"ಸಾರ್, ಆರೋಪಿ ಸಿಕ್ಕಿದವರ ಮುಖ ಅಲ್ಲ ಇದು," ಅಂದ ಹೆಡ್ ಕಾನ್‌ಸ್ಟೇಬಲ್.

"ಜೀಪ್ ತೆಗಿ."

ಎರಡು ಹತ್ತಕ್ಕೆ ಕಾಂಪೌಂಡರ್ ಮನೆ. ಗೇಟಿನ ಕಚೇರಿಯಿಂದ ಅವರು ರಿಟೈರ್ ಆಗಿ ಎಂಟು ವರ್ಷ. ಒಂದು ಹಜಾರ, ಒಂದು ಕೋಣೆ. ಬಾಗಿಲ ಪಕ್ಕ ತೊಳೆದು ಬೋರಲು ಹಾಕಿದ ನಾಯಿ ತಟ್ಟೆ. ಅವರು ಇಸ್ತ್ರಿ ಅಂಗಿ ತೊಟ್ಟು, ಬಟ್ಟೆಚೀಲ ಪಕ್ಕಕ್ಕಿಟ್ಟು ಕುರ್ಚೀಲಿ ಕೂತಿದ್ರು.

"ಶನಿವಾರನೇ ಬರ್ತೀಯ ಅಂದ್ಕೊಂಡಿದ್ದೆ ಪುಟ್ಟಾ. ನಿಮ್ಮ ಇಲಾಖೆ ನಿಧಾನ ಆಗಿದೆ."

"ಮಾಮ, ಹಾಳೆ ಹರಿದಿದ್ದು ನೀವಾ?"

"ಹೌದು. ಬುಧವಾರ, ಊಟದ ಹೊತ್ತಲ್ಲಿ. ಟೀ ಕುಡಿಯೋಕೆ ಹೋಗಿದ್ದೆ."

"ಸಹಿ?"

"ನಂದೇ ಕೈ. ಆ ಡಾಕ್ಟರ ಸಹಿ ಅವರಿಗಿಂತ ಚೆನ್ನಾಗಿ ನಾನೇ ಹಾಕ್ತೀನಿ."

"ಮೊಹರು?"

ಚೀಲದಿಂದ ಬಿಳಿ ಬಟ್ಟೆಯ ಗಂಟು ತೆಗೆದು ಕೊಟ್ರು. "ಪಂಚರ ಮುಂದೆ ಜಪ್ತಿ ಮಾಡು. ಇಲ್ಲಾಂದ್ರೆ ಕೋರ್ಟಲ್ಲಿ ನಿಲ್ಲಲ್ಲ."

"ನಾಯಿ ಯಾರದು?"

"ಜಮಾದಾರ. ನಮ್ಮಕ್ಕಂದು. ಕಾಗದದಲ್ಲಿರೋದು ಅವಳ ಮಗಳ ಹೆಸರು."

ಕಾಂಪೌಂಡರಿಗೆ ಮದುವೆ ಇಲ್ಲ. ಗಂಡ ಸತ್ತ ಅಕ್ಕ ಆ ಕಡೆಯಿಂದ ಬಂದು ಹದಿಮೂರು ವರ್ಷ ಇವರ ಜೊತೆ ಇದ್ದಳು. ಬೆಳಿಗ್ಗೆ ಸಂಜೆ ಬೀದಿಯಲ್ಲಿ ಗಸ್ತು ತಿರುಗ್ತಿದ್ದ ನಾಯಿಗೆ ಜಮಾದಾರ ಅಂತ ಹೆಸರಿಟ್ಟದ್ದೂ ಅವಳೇ. ಮೂರು ತಿಂಗಳ ಹಿಂದೆ ಮಗಳ ಮನೆಗೆ ಅಂತ ದಾಟಿದವಳಿಗೆ ಅಲ್ಲೇ ಕಾಯಿಲೆ ಹಿಡೀತು. ದಾಟಿದ ಕೂಡಲೇ ಈ ಕಡೆಯ ವಾಸದ ಪರವಾನಗಿ ರದ್ದಾಯ್ತು, ಹೊಸದಕ್ಕೆ ಆರು ತಿಂಗಳು. ಡಾಕ್ಟರು ಈಗ ಅವಳಿಗೆ ಕೊಟ್ಟಿರೋದು ಎರಡೇ ತಿಂಗಳು.

"ಲಸಿಕೆ?"

"ಹದಿಮೂರು ವರ್ಷ, ವರ್ಷಕ್ಕೊಂದು. ನಾನೇ ಹಾಕಿದ್ದು. ಆದ್ರೆ ಚಿಪ್ ಹಾಕಿಸಿದ್ದು ಹೋದ ತಿಂಗಳು. ಚಿಪ್‌ಗೆ ಮುಂಚಿನ ಸೂಜಿ ಸೂಜಿಯಲ್ಲ." ಆಮೇಲೆ ನೆಲ ನೋಡ್ತಾ ಅಂದ್ರು, "ಆ ನಿಯಮ ತಪ್ಪು ಅಂತ ನಾನು ಹೇಳ್ತಿಲ್ಲ ಪುಟ್ಟಾ. ಅದನ್ನ ಹೇಳಿ ಎಷ್ಟೋ ಜನರನ್ನ ವಾಪಸ್ ಕಳಿಸಿದೀನಿ. ಒಬ್ಬಳು ಹೆಣ್ಮಗಳು ಗೇಟಲ್ಲೇ ಕೂತು ಅತ್ಲು. ನಾನು ಬಾಲ ಅಳೀತಾ ಇದ್ದೆ."

"ಸುಳ್ಳು ಸರ್ಟಿಫಿಕೇಟಲ್ಲಿ ನಿಜವಾದ ಬಾಲ ಯಾಕೆ ಬರೆದ್ರಿ ಮಾಮ? ಗೀಟು ಹಾಕಿದ್ರೆ ನಾನು ಇಲ್ಲಿಗೆ ಬರ್ತಿರಲಿಲ್ಲ."

"ಕಾಲಂ ಖಾಲಿ ಬಿಡಕ್ಕಾಗುತ್ತಾ?"

ಮೂರು ಇಪ್ಪತ್ತಕ್ಕೆ ಠಾಣೆ. ಸಾಕ್ಷ್ಯದ ಕಾಗದಗಳಿಗೆ ನಂಬರ್ ಹಾಕ್ತಾ ಹಾಕ್ತಾ ಇನ್ಸ್‌ಪೆಕ್ಟರ್ ಆ ಕಡೆಯ ಪತ್ರ ತಿರುವಿದ್ರು. ಹಿಂದುಗಡೆ ಇರುವೆ ಸಾಲಿನಂಥ ಸಣ್ಣ ಅಚ್ಚಿತ್ತು. ಡಾಕ್ಟರಮ್ಮ ಅದನ್ನ ಓದಿರಲಿಲ್ಲ. ಕಾಗದ ಇಲ್ಲದಿದ್ದರೆ ಅಥವಾ ಸುಳ್ಳೆಂದು ತಿಳಿದರೆ ನಾಯಿಯನ್ನು ಕಳಿಸಿದವರಿಗೆ ಹಿಂದಿರುಗಿಸುವುದು, ಪಡೆಯುವವರು ಇಲ್ಲದಿದ್ದರೆ ದಯಾಮರಣ. ಅದರ ಕೆಳಗೆ ಇನ್ನೊಂದು ಸಾಲು. ಅಥವಾ ಇಲ್ಲಿನ ನಿವಾಸಿಯೊಬ್ಬರು ಅದೇ ದಿನ ಐದರೊಳಗೆ ಒಪ್ಪಿಗೆ ಸಹಿ ಹಾಕಿದರೆ, ನಾಯಿಯನ್ನು ನೂರಿಪ್ಪತ್ತು ದಿನ ನಮ್ಮ ಗೂಡಿನಲ್ಲೇ ಇಡುವುದು. ಭೇಟಿ ಸಮಯ ಪ್ರತಿದಿನ ನಾಲ್ಕರಿಂದ ಐದು.

"ಮಾಮ, ಇದು ಗೊತ್ತಿತ್ತಾ? ಕಾಗದವೇ ಇಲ್ಲದೆ ಕಳಿಸಿದ್ರೂ ನಡೀತಿತ್ತು."

ಕಾಂಪೌಂಡರ್ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು. "ಇದು ಅವರ ಪುಸ್ತಕ," ಅಂದ್ರು. "ನಾವು ನಮ್ಮ ಪುಸ್ತಕ ಮಾತ್ರ ಓದೋರು. ಮಧ್ಯ ಎಂಬತ್ತು ಅಡಿ ಇತ್ತು ಅಷ್ಟೇ." ಕನ್ನಡಕ ಮಡಿಸಿ ಜೇಬಿಗಿಟ್ಟು, "ಆ ಹೆಣ್ಮಗಳಿಗೂ ಇದನ್ನ ಹೇಳಬಹುದಿತ್ತು."

ಗಡಿಯಾರ ಮೂರು ಐವತ್ತೆಂಟು ತೋರಿಸ್ತಿತ್ತು. ಇನ್ಸ್‌ಪೆಕ್ಟರ್ ದಸ್ತಗಿರಿ ಪತ್ರ ಎಳ್ಕೊಂಡ್ರು. ಬಂಧಿತನ ಸಂಬಂಧಿಕರಿಗೆ ತಿಳಿಸಿದ ವಿವರ, ಅಂತ ಅದರಲ್ಲಿ ಒಂದು ಕಾಲಂ. ಹೆಡ್ ಕಾನ್‌ಸ್ಟೇಬಲ್ ಅಲ್ಲಿ ಯಾವಾಗಲೂ ಗೀಟು ಹಾಕೋನು.

"ನಿಮ್ಮ ಅಕ್ಕನ ಮಗಳ ನಂಬರ್ ಹೇಳಿ."

ನಾಲ್ಕು ಎರಡಕ್ಕೆ ಇನ್ಸ್‌ಪೆಕ್ಟರೇ ಫೋನ್ ಮಾಡಿದ್ರು. "ನಿಮ್ಮ ಸೋದರಮಾವನ್ನ ದಸ್ತಗಿರಿ ಮಾಡಿದೀವಿ ಅಮ್ಮಾ. ಅಳೋದು ಆಮೇಲೆ. ಮೊದಲು ನಿಮ್ಮ ಗೇಟಿನ ಕಚೇರಿಗೆ ಓಡಿ. ಅವರ ಪತ್ರದ ಹಿಂದಿನ ಪುಟದ ನಿಯಮ ಅಂತ ಹೇಳಿ, ಒಪ್ಪಿಗೆ ಸಹಿ ಹಾಕಿ. ಐದರೊಳಗೆ."

ಕಾಗದ ನಮ್ಮದಲ್ಲ ಅಂತ ಡಾಕ್ಟರಮ್ಮ ನಾಲ್ಕು ಹತ್ತಕ್ಕೆ ಉತ್ತರ ಕಳಿಸಿದ್ರು. ಆಮೇಲೆ ಎಲ್ಲರೂ ಫೋನ್ ಕಾಯ್ತಾ ಕೂತ್ರು. ಕಾಂಪೌಂಡರ್ ಮಾತ್ರ ದಸ್ತಗಿರಿ ಪತ್ರ ನೋಡ್ತಾ, ಗುರುತಿನ ಚಿಹ್ನೆ ಕಾಲಂನಲ್ಲಿ ಬರೀ ಮಚ್ಚೆ ಅಂದ್ರೆ ಸಾಲದು, ಯಾವ ಭುಜ ಅಂತ ಬರಿ ಅಂದ್ರು. ನಾಲ್ಕು ನಲವತ್ತೊಂಬತ್ತಕ್ಕೆ ಫೋನ್ ಬಡ್ಕೊಂಡಿತು. ಸಹಿ ಆಯ್ತು.

ಕಾಂಪೌಂಡರ್ ಕೈ ಮುಂದೆ ಚಾಚಿದ್ರು. "ಕೋಳ ಹಾಕು ಪುಟ್ಟಾ. ನಿಯಮ."

"ಎಪ್ಪತ್ತು ವರ್ಷದವರಿಗೆ ಬೇಡ ಅಂತಿದೆ ಮಾಮ. ಅದೂ ನಿಯಮ." ಆ ನಿಯಮ ಯಾವ ಪುಸ್ತಕದಲ್ಲಿದೆ ಅಂತ ಹೆಡ್ ಕಾನ್‌ಸ್ಟೇಬಲ್ ಕೇಳಲಿಲ್ಲ.

ಮರುದಿನ ಜಾಮೀನಾಯ್ತು. ಷರತ್ತು, ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕೋದು. ದೋಷಾರೋಪ ಪಟ್ಟಿಯಲ್ಲಿ ಅಪರಾಧದ ಉದ್ದೇಶ ಅನ್ನೋ ಕಾಲಂ ಇರುತ್ತೆ. ಎಲ್ಲರೂ ಅಲ್ಲಿ ಸ್ವಂತ ಲಾಭ ಅಂತ ಬರೀತಾರೆ. ಇನ್ಸ್‌ಪೆಕ್ಟರ್ ಒಂದೇ ಪದ ಬರೆದ್ರು: ಅಕ್ಕ.

ಮುಂದಿನ ಸೋಮವಾರ ಕಾಂಪೌಂಡರ್ ಮೂರು ಮುಕ್ಕಾಲಿಗೇ ಬಂದು ಸಹಿ ಹಾಕಿದ್ರು. ಹೊರಡಲಿಲ್ಲ. ಇನ್ಸ್‌ಪೆಕ್ಟರ್ ಗೇಟಿನ ಕಡೆಯ ಕಿಟಕಿ ತೆಗೆದು, ಕುರ್ಚಿ ಅಲ್ಲಿಗೆ ಎಳೆದು ಹಾಕಿದ್ರು. ನಾಲ್ಕು ಗಂಟೆಗೆ ತಗಡಿನ ಗೋಡೆಯ ಆಚೆ, ಗೂಡಿನ ಕಡೆಯಿಂದ ಒಂದು ಮುದಿನಾಯಿ ಬೊಗಳೋಕೆ ಶುರು ಮಾಡ್ತು. ಬೊಗಳಿ ಬೊಗಳಿ, ಇದ್ದಕ್ಕಿದ್ದ ಹಾಗೆ ಕುಂಯ್‌ಗುಟ್ಟಿ ಸುಮ್ಮನಾಯ್ತು.

"ಬಂದ್ಲು," ಅಂದ್ರು ಕಾಂಪೌಂಡರ್.