ಕ್ರೇನ್ ಚಾಲಕನ ಮೆದುಳು

"ಈ ಮೆದುಳು ನಮ್ಮಪ್ಪಂದಲ್ಲ."

ಹೇಳಿದವಳು ಸತ್ತ ಕ್ರೇನ್ ಚಾಲಕನ ಮಗಳು. ಆಸ್ಪತ್ರೆಯ ಶವಪರೀಕ್ಷೆ ವಿಭಾಗದ ಮೇಜಿನ ಮೇಲೆ ಎರಡು ಫೋಟೋಗಳಿದ್ದವು. ಒಂದರಲ್ಲಿ ಇಡೀ ಮೆದುಳು — ಒಂದು ಪಕ್ಕ ಅದುಮಿದ ದಿಂಬಿನಂತೆ ಚಪ್ಪಟೆ. ಇನ್ನೊಂದರಲ್ಲಿ ಅದನ್ನೇ ಬ್ರೆಡ್ಡಿನಂತೆ ಹೋಳು ಮಾಡಿ ಜೋಡಿಸಿದ್ದರು. ನಾನು ಕಣ್ಣನ್ನು ಕೈಯಲ್ಲಿದ್ದ ನೋಟ್‌ಬುಕ್ಕಿಗೆ ಇಳಿಸಿದೆ.

"ಮುಖ ಆದ್ರೆ ಗುರುತು ಹಿಡೀಬಹುದು. ಮೆದುಳನ್ನ ಹೇಗಮ್ಮ ಗುರುತು ಹಿಡಿದೆ?" ಅತ್ತಿಗೆ ಕೇಳಿದರು.

"ಇದು ಕುಡುಕನ ಮೆದುಳು ಅಂತ ಬರೆದಿದ್ದಾರೆ. ನಮ್ಮಪ್ಪ ಕುಡೀತಿರಲಿಲ್ಲ. ಅಂದ್ಮೇಲೆ ಇದು ಅವರದಲ್ಲ."

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಪೊಲೀಸ್ ಕೆಲಸದಿಂದ ನಿವೃತ್ತರಾದರೂ ಸಂಶಯಪಡುವ ಕೆಲಸದಿಂದ ಇನ್ನೂ ನಿವೃತ್ತರಾಗಿಲ್ಲ. ಮಗಳ ದೂರಿನ ಮೇಲೆ ಈ ವಿಚಾರಣೆಯನ್ನು ಆಸ್ಪತ್ರೆಯವರೇ ಅವರಿಗೆ ಒಪ್ಪಿಸಿದ್ದರು. ಹೇಳಿಕೆ ಬರೆದುಕೊಳ್ಳಲು ನಾನು. ರಕ್ತ ಕಂಡರೆ ತಲೆ ತಿರುಗುವ ಮೈದುನನನ್ನು ಇಂಥ ಕಡೆಗೇ ಎಳೆದುತರುವುದು ಅವರಿಗೊಂದು ಖುಷಿ.

ಎರಡು ತಿಂಗಳ ಹಿಂದೆ ಕಾರ್ಖಾನೆಯಲ್ಲಿ ಕ್ರೇನಿನ ಭಾರ ಕೆಳಗೆ ಬಿದ್ದಿತ್ತು. ಇಬ್ಬರು ಕೆಲಸಗಾರರು ಕಾಲು ಕಳೆದುಕೊಂಡರು. ಬ್ರೇಕ್ ಎಳೆಯಬೇಕಿದ್ದ ಚಾಲಕ ಕೂತಲ್ಲೇ ಸತ್ತು ಒರಗಿದ್ದ. ಹೃದಯ ನಿಂತಿದೆ, ವರ್ಷಗಟ್ಟಲೆ ಕುಡಿದು ಕಿರುಮೆದುಳು ಸೊರಗಿದೆ ಎಂದು ವರದಿ ಬಂತು. ಕಾಲು ಕಳೆದುಕೊಂಡವರ ಮನೆಗಳೂ ಮಗಳಿದ್ದ ಬೀದಿಯಲ್ಲೇ ಇದ್ದವು. ಅವಳು ಹೊರಗೆ ಕಾಲಿಟ್ಟರೆ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು.

ವರದಿಗೆ ಸಹಿ ಹಾಕಿದವರು ವಿಭಾಗದ ದೊಡ್ಡ ಡಾಕ್ಟರಮ್ಮ.

"ಕಿರುಮೆದುಳು ಸೊರಗಿದ್ರೆ ಏನಾಗುತ್ತೆ?" ಅತ್ತಿಗೆ ಶುರು ಮಾಡಿದರು.

"ನಡಿ ಅಂತ ಹೇಳೋದು ದೊಡ್ಡ ಮೆದುಳು. ಎಡವದ ಹಾಗೆ ನಡೆಸೋದು ಕಿರುಮೆದುಳು. ಅದು ಸೊರಗಿದವರು ತೂರಾಡ್ತಾರೆ. ಕೈ ಗುರಿ ತಪ್ಪುತ್ತೆ."

"ತೂರಾಡೋನು ದಿನಾ ಅಷ್ಟೆತ್ತರದ ಏಣಿ ಹತ್ತಿ ಕ್ರೇನಲ್ಲಿ ಕೂತ್ಕೊಳ್ತಿದ್ನಾ?"

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು. "ನನ್ನ ಮುಂದೆ ತಂದಿಟ್ಟ ಮೆದುಳಿನ ಬಗ್ಗೆ ನಾನು ಬರೆದೆ."

"ಹೋಳುಗಳೆಲ್ಲಿ?"

"ವರದಿ ಆದ್ಮೇಲೆ ಸುಟ್ಟುಬಿಡ್ತೀವಿ. ಇರೋದು ಫೋಟೋ ಮಾತ್ರ."

ಪಕ್ಕದ ಕೋಣೆಯಲ್ಲಿ ಮುಚ್ಚಳವಿದ್ದ ಬಕೆಟ್ಟುಗಳ ಸಾಲು. ಅಂಗಗಳನ್ನು ಕೆಡದಂತೆ ಇಡುವ ಫಾರ್ಮಾಲಿನ್ ದ್ರವದ ವಾಸನೆಗೆ ಕಣ್ಣಲ್ಲಿ ನೀರು ಸುರಿಯಿತು. ಅಲ್ಲಿನ ಮುದಿ ಸಹಾಯಕನನ್ನು ಎಲ್ಲರೂ ದಾರದಜ್ಜ ಎನ್ನುತ್ತಿದ್ದರು. ಯಾಕೆಂದು ಅವನೇ ಒಂದು ಮುಚ್ಚಳ ತೆಗೆದು ತೋರಿಸಿದ.

"ಹೊಸದಾಗಿ ತೆಗೆದ ಮೆದುಳು ಮೊಸರಿನ ಹಾಗಿರುತ್ತೆ ತಾಯಿ. ಬುಡದ ರಕ್ತನಾಳದಡಿ ದಾರ ತೂರಿಸಿ, ಬಕೆಟ್ಟಿನ ಹಿಡಿಗೆ ಕಟ್ಟಿ, ತಲೆಕೆಳಗಾಗಿ ತೂಗುಬಿಡ್ಬೇಕು. ಎರಡು ವಾರಕ್ಕೆ ಗಟ್ಟಿಯಾಗುತ್ತೆ."

"ಕ್ರೇನಿನವರದ್ದೂ ಹೀಗೇ ಕಟ್ಟಿದ್ರಾ?"

"ನಾನೇ ಕಟ್ಟಿದ್ದು. ಮಾರನೇ ದಿನ ಮಗಳ ಹೆರಿಗೆ ಅಂತ ರಜೆ ಹಾಕಿದೆ. ವಾಪಸ್ ಬರೋಷ್ಟರಲ್ಲಿ ಕೆಲಸ ಮುಗಿದಿತ್ತು."

"ನಿಮ್ಮ ಮಗ ಅದೇ ಕಾರ್ಖಾನೇಲಿ ಮೇಲ್ವಿಚಾರಕ ಅಲ್ವಾ?"

ಅಜ್ಜನ ಕೈ ಮುಚ್ಚಳದ ಮೇಲೆ ನಿಂತಿತು. "ಹೌದು. ಅದಕ್ಕೇನೀಗ?"

ಇವನೇ ಎಂದು ನಾನು ಆಗಲೇ ತೀರ್ಪು ಕೊಟ್ಟುಬಿಟ್ಟೆ. ಕಾರ್ಖಾನೆಯ ತಪ್ಪನ್ನು ಸತ್ತವನ ತಲೆಗೆ ಕಟ್ಟಲು ಮಗ ಹೇಳಿದ್ದಾನೆ, ಅಪ್ಪ ಮಾಡಿದ್ದಾನೆ. ಅತ್ತಿಗೆಗೆ ಕಣ್ಸನ್ನೆ ಮಾಡಿದರೆ ಅವರು ನನ್ನ ಕಡೆ ತಿರುಗಲೂ ಇಲ್ಲ. ಮೂಲೆಯ ದೊಡ್ಡ ತೊಟ್ಟಿಯೊಳಗೆ ಬಗ್ಗಿ ನೋಡುತ್ತಿದ್ದರು. ಅದರ ತಳದಲ್ಲಿ ಹಳೆಯ ಮೆದುಳುಗಳು ಆಲೂಗಡ್ಡೆಯಂತೆ ಬಿದ್ದುಕೊಂಡಿದ್ದವು.

"ಇವು?"

"ವಿದ್ಯಾರ್ಥಿಗಳ ಪಾಠಕ್ಕೆ. ಯಾರ್ಯಾರದೋ," ಅಜ್ಜ ಅಂದ.

ಕೊನೆಗೆ ಕರೆಸಿದ್ದು ಡಾಕ್ಟರಮ್ಮನ ಕೈಕೆಳಗಿದ್ದ ಚಿಕ್ಕ ಡಾಕ್ಟರನ್ನು. ಚುರುಕು ಹುಡುಗ, ಇಸ್ತ್ರಿ ಮಾಡಿದ ಬಿಳಿ ಕೋಟು.

"ಮೆದುಳನ್ನ ಬಕೆಟ್ಟಿನಿಂದ ತೆಗೆದೋರು ಯಾರು?"

"ನಾನೇ. ಹದಿನೈದನೇ ದಿನ ದಾರ ಕತ್ತರಿಸಿ ಇಳಿಸ್ದೆ."

"ಅಷ್ಟೂ ದಿನ ದಾರದಲ್ಲೇ ತೂಗ್ತಿತ್ತಾ?"

"ಹೌದು ಮೇಡಂ. ದಿನಾ ನೋಡ್ತಿದ್ದೆ."

"ಇನ್ಯಾರೂ ಮುಟ್ಟಿಲ್ಲ?"

"ಇಲ್ಲ. ಆದ್ರೆ ನೀವು ಅಜ್ಜನ್ನ ಸರಿಯಾಗಿ ವಿಚಾರಿಸಿ. ಅವರ ಮಗ—"

"ವಿಚಾರಿಸಿದ್ದೀನಿ."

ಅತ್ತಿಗೆ ಎಲ್ಲರನ್ನೂ ಕರೆದು ಮೊದಲ ಫೋಟೋವನ್ನು ಮೇಜಿನ ನಡುವೆ ಇಟ್ಟರು.

"ಎಲ್ಲರೂ ಹೋಳುಗಳನ್ನೇ ನೋಡಿದ್ರಿ. ಕೊಯ್ಯೋಕೆ ಮುಂಚಿನ ಫೋಟೋನ ಯಾರೂ ನೋಡ್ಲಿಲ್ಲ. ಈ ಚಪ್ಪಟೆ ಎಲ್ಲಿಂದ ಬಂತು? ಅಜ್ಜ, ಮೆದುಳನ್ನ ತೂಗುಬಿಡೋದು ಯಾಕೆ?"

"ತಳ ಮುಟ್ಟಬಾರದು ಅಂತ. ಮುಟ್ಟಿದ್ರೆ ಮುಟ್ಟಿದ ಕಡೆ ಚಪ್ಪಟೆಯಾಗಿ ಹಾಗೇ ಗಟ್ಟಿಯಾಗುತ್ತೆ," ಎಂದ ಅಜ್ಜ ಫೋಟೋದತ್ತ ಬಗ್ಗಿದ. "ಇದು ನಾನು ಕಟ್ಟಿದ್ದಲ್ಲ."

"ಅಜ್ಜ ಕಟ್ಟದೇ ಬಿಟ್ಟಿದ್ರೆ ಚಪ್ಪಟೆಯಾಗ್ತಿತ್ತು, ನಿಜ. ಆದ್ರೆ ಆಗ ಚಿಕ್ಕ ಡಾಕ್ಟರಿಗೆ ಕತ್ತರಿಸೋಕೆ ದಾರ ಎಲ್ಲಿರ್ತಿತ್ತು? ದಾರದಿಂದ ಇಳಿಸಿದ್ದು ನಿಜವಾಗಿದ್ರೆ ಮೆದುಳು ದುಂಡಗಿರ್ಬೇಕಿತ್ತು. ಚಪ್ಪಟೆ ಮೆದುಳು ಇರೋದು ಪಾಠದ ತೊಟ್ಟೀಲಿ. ಬದಲಾಯಿಸಿದ್ದು ನೀವು, ಡಾಕ್ಟರೇ. ಯಾಕೆ?"

ಅವನು ಗೋಡೆಗೆ ಒರಗಿದ.

"ಎಲ್ಲರಿಗಿಂತ ಮುಂಚೆ ನಾನೇ ಕಾರಣ ಕಂಡುಹಿಡೀಬೇಕು ಅನ್ನೋ ಆಸೆ. ಮೂರನೇ ದಿನವೇ ದಾರ ಹಿಡಿದು ಎತ್ತಿದೆ. ಇನ್ನೂ ಮೆತ್ತಗಿತ್ತು. ನಾಳ ಹರಿದು ನೆಲಕ್ಕೆ ಬಿದ್ದು ಚೂರಾಯ್ತು. ತೊಟ್ಟೀಲಿದ್ದ ಒಂದನ್ನ ತಂದಿಟ್ಟೆ. ಅದು ಕುಡುಕಂದು ಅಂತ ನಂಗೊತ್ತಿರಲಿಲ್ಲ."

"ವರದಿ ಬಂದ ದಿನ ಗೊತ್ತಾಯ್ತಲ್ಲ?"

ಅವನು ಹೌದೆಂದು ತಲೆಯಾಡಿಸಿದ. ನನಗೆ ಮೈಯೆಲ್ಲ ಉರಿಯಿತು. ಕೈಜಾರಿ ಬಿದ್ದದ್ದನ್ನು ಯಾರಾದರೂ ಕ್ಷಮಿಸಬಹುದು. ಎರಡು ತಿಂಗಳು ಬಾಯಿಮುಚ್ಚಿ ಕೂತು, ಕೊನೆಗೆ ಮುದುಕನ ಮೇಲೆ ಬೊಟ್ಟು ಮಾಡಿದ್ದನ್ನು? ಅದೇ ಮುದುಕನ ಮೇಲೆ ನಾನೂ ಸಂಶಯಪಟ್ಟಿದ್ದೆ ಎಂಬುದು ನೆನಪಾಗಿ ನಾಚಿಕೆಯೂ ಆಯಿತು.

"ಚೂರುಗಳನ್ನ ಬಿಸಾಕಿದ್ರಾ?" ಅತ್ತಿಗೆ ಕೇಳಿದರು.

"ಮನಸ್ಸಾಗ್ಲಿಲ್ಲ. ನನ್ನ ಬೀರುವಿನಲ್ಲಿ ಒಂದು ಬಾಟಲಿ ಇದೆ."

ಆ ಚೂರುಗಳನ್ನು ಮಗಳ ರಕ್ತದೊಂದಿಗೆ ತಾಳೆ ನೋಡಿದರು. ಅವು ಅವಳಪ್ಪನವೇ. ಡಾಕ್ಟರಮ್ಮ ತಾವೇ ಕೂತು ಒಂದೊಂದನ್ನೂ ಕೊಯ್ದರು. ಕಿರುಮೆದುಳು ತುಂಬಿಕೊಂಡು ಆರೋಗ್ಯವಾಗಿತ್ತು. ಅದರ ಮುಂದಿದ್ದ ಮೆದುಳಿನ ಕಾಂಡದ ಚೂರಿನಲ್ಲಿ, ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ, ಕಪ್ಪು ರಕ್ತ ಹೆಪ್ಪುಗಟ್ಟಿತ್ತು.

"ಮೆದುಳಿನಿಂದ ಕೈಕಾಲಿಗೆ ಹೋಗೋ ನರಗಳೆಲ್ಲ ಈ ಕಾಂಡದಲ್ಲೇ ಹಾದು ಬೆನ್ನುಹುರಿಗೆ ಇಳಿಯೋದು," ಡಾಕ್ಟರಮ್ಮ ಮಗಳಿಗೆ ಹೇಳಿದರು. "ಉಸಿರಾಟ ನಡೆಸೋದೂ ಇದೇ. ಇಲ್ಲೊಂದು ರಕ್ತನಾಳ ಒಡೆದಿದೆ. ಯಾರಿಗೆ ಬೇಕಾದ್ರೂ ಆಗಬಹುದಿತ್ತು."

"ಬ್ರೇಕ್ ಎಳೀಬೇಕು ಅಂತ ಅಪ್ಪನಿಗೆ ಅನ್ಸಿತ್ತಾ?"

"ಅನ್ಸಿದ್ರೂ ಅಪ್ಪಣೆ ಕೈವರೆಗೆ ಮುಟ್ಟೋ ಹಾಗಿರಲಿಲ್ಲಮ್ಮ. ಅವರ ತಪ್ಪಲ್ಲ."

ಮಗಳು ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಸ ವರದಿಯನ್ನು ಡಾಕ್ಟರಮ್ಮ ಅವಳ ಕೈಗೆ ಕೊಟ್ಟರು. ಅವಳು ಅದನ್ನು ಚಿಕ್ಕ ಡಾಕ್ಟರ ಕೈಗೆ ಕೊಟ್ಟಳು.

"ಕಾಗದ ನಮ್ಮ ಬೀದೀಲಿ ಯಾರೂ ಓದಲ್ಲ. ನೀವೇ ಬಂದು ಹೇಳ್ಬೇಕು. ಪ್ರತಿ ಮನೇಲೂ. ನಿಮ್ಮ ಮೇಲಿನ ಕ್ರಮ ಆಸ್ಪತ್ರೆಯವರು ನೋಡ್ಕೊಳ್ಳಲಿ, ಇದು ನನ್ನ ಲೆಕ್ಕ."

ಅಂದು ಸಂಜೆ ಅವನು ಹೋದ. ನಾವೂ ಹಿಂದೆ ಹೋದೆವು. ಬೀದಿಯ ಮೊದಲ ಮನೆ ಕಾಲು ಕಳೆದುಕೊಂಡವರಲ್ಲಿ ಒಬ್ಬನದೇ. ಬಾಗಿಲು ತಟ್ಟಲು ಚಿಕ್ಕ ಡಾಕ್ಟರಿಗೆ ಕೈ ಏಳಲಿಲ್ಲ. ಮಗಳೇ ಮುಂದೆ ಬಂದು ತಟ್ಟಿದಳು.