ಅಮ್ಮನ ಮೊಣಕೈ ಸವೆಸಿದ ಬಣ್ಣ

"ಈ ಬಾಗಿಲು ಸುಳ್ಳು ಹೇಳ್ತಿದೆ!"

ಶೆಡ್ಡಿನ ಮೂಲೆಯಲ್ಲಿದ್ದ ಅವಳು ತಟ್ಟನೆ ತಿರುಗಿದಳು. ಕೈಯಲ್ಲಿದ್ದ ಬಣ್ಣದ ಡಬ್ಬಿ ಜಾರುವಷ್ಟರಲ್ಲಿ ಹಿಡಿದುಕೊಂಡಳು.

ಬಟ್ಟೆಯಲ್ಲಿ ಸುತ್ತಿದ ಪುಟ್ಟ ಅಯಸ್ಕಾಂತವನ್ನು ಪರೀಕ್ಷೆಗೆ ಬಂದಿದ್ದ ಅವನು ಆ ಹಳೆಯ ಕಾರಿನ ಮೈಮೇಲೆ ಸರಿಸುತ್ತಿದ್ದ. ಎಲ್ಲ ಕಡೆ ಅಂಟುತ್ತಿದ್ದದ್ದು ಬಾಗಿಲಿನ ಕೆಳಮೂಲೆಯಲ್ಲಿ ಮಾತ್ರ ಕಳಚಿ ಬೀಳುತ್ತಿತ್ತು. ಅಲ್ಲಿ ತುಕ್ಕು ತಿಂದ ತಗಡಿನ ಜಾಗದಲ್ಲಿ ದಪ್ಪನೆಯ ಪುಟ್ಟಿ ಇತ್ತು. ಮೆತ್ತಿದವಳು ಅವಳೇ.

"ಯಾರ ಕೈಕೆಲಸ ಇದು?"

"ನಂದು... ತಪ್ಪಾ?"

"ತುಂಬಾ ಚೆನ್ನಾಗಿದೆ. ಅದಕ್ಕೇ ಅಂಕ ಕಳೆಯೋಕೆ ಹೊಟ್ಟೆ ಉರೀತಿದೆ!"

ಅವಳಿಗೆ ನಗು ಬಂದುಬಿಟ್ಟಿತು.

"ಅಂಕ ಕಳೆಯೋಕೆ ಬಂದವನ ಮುಖ ನೋಡ್ಕೊಂಡು ಹಲ್ಲು ಕಿರೀತಾಳಲ್ಲಪ್ಪಾ ಇವಳು!" ಒಳಗಿನಿಂದ ಅಪ್ಪ ಗೊಣಗಿದ.

ಸಂಗ್ರಹಕಾರರು ಕೊಳ್ಳುವ ಮೊದಲು ಹಳೆಯ ಕಾರುಗಳನ್ನು ಪರೀಕ್ಷಿಸಿ, ಯಾವುದು ಮೂಲದ್ದು, ಯಾವುದು ಆಮೇಲೆ ಸೇರಿದ್ದು ಎಂದು ಹೇಳಿ ಅಂಕ ಕೊಡುವುದು ಅವನ ಕೆಲಸ. ಅಪ್ಪನ ಶೆಡ್ಡಿನಲ್ಲಿ ಬಣ್ಣ ಹೊಡೆಯುವುದು ಅವಳದು. ಅವನು ಕಲೆ ಹುಡುಕುವವನು, ಅವಳು ಕಲೆ ಮುಚ್ಚುವವಳು. ಎಣ್ಣೆ ಸೀಗೇಕಾಯಿ ಸಂಬಂಧ ಎಂದು ಅಪ್ಪ ನಗುತ್ತಿದ್ದ. ಆದರೂ ಅವನು ಕಾರಣವಿಲ್ಲದೆ ಬರತೊಡಗಿದ. ಅವಳು ಕಾರಣ ಕೇಳಲಿಲ್ಲ...

ಒಂದು ದಿನ ತನ್ನದೇ ಪುಟ್ಟ ನೀಲಿ ಕಾರು ತಂದು ನಿಲ್ಲಿಸಿದ. ತೀರಿಹೋದ ಅವನ ತಾಯಿ ಓಡಿಸುತ್ತಿದ್ದ ಕಾರು.

"ನಾನು ಊರಿಂದ ಬರೋಷ್ಟರಲ್ಲಿ ಮಾವ ಬ್ರೇಕ್ ನೋಡಿರ್ಲಿ. ಇದನ್ನ ನೀನೇ ನೋಡ್ಕೋಬೇಕು."

"ಮಾವನಾ? ಯಾರಿಗೆ ಮಾವ?"

"ಮದುವೆ ದಿನ ಇದ್ರಲ್ಲೇ ನಿನ್ನ ಕರ್ಕೊಂಡು ಹೋಗ್ತೀನಲ್ಲ... ಆಗ ಗೊತ್ತಾಗುತ್ತೆ ಬಿಡು."

ಅವನು ಹೋದ ಮೇಲೂ ಅವಳು ಗೇಟಿನ ಹತ್ತಿರ ನಿಂತೇ ಇದ್ದಳು.

ಚಾಲಕನ ಕಿಟಕಿಯ ಅಂಚಿನಲ್ಲಿ ಅಂಗೈಯಗಲ ಬಣ್ಣ ಸವೆದು ತಗಡು ಇಣುಕುತ್ತಿತ್ತು. 'ಮದುವೆ ಕಾರಿನಲ್ಲಿ ಇದೇಕೆ? ಬರುವಷ್ಟರಲ್ಲಿ ಸರಿ ಮಾಡಿ ಬೆರಗುಗೊಳಿಸುತ್ತೇನೆ!' ಬಿಸಿಲಿಗೆ ಮಂಕಾದ ಆ ನೀಲಿಯನ್ನೇ ತರಲು ಹನಿ ಹನಿಯಾಗಿ ಬೆರೆಸಿ, ಒಣಗಿಸಿ, ಮತ್ತೆ ಬೆರೆಸಿದಳು. ಕೊನೆಗೆ ಅವಳ ಕಣ್ಣಿಗೇ ಗುರುತು ಸಿಗದಂತಾಯಿತು.

ಅವನು ಬಂದ. ಕೈ ನೇರ ಕಿಟಕಿಯ ಅಂಚಿಗೆ ಹೋಯಿತು. ಅಲ್ಲೇ ನಿಂತುಬಿಟ್ಟಿತು.

"ಎಲ್ಲಿತ್ತು ಅಂತ ಹುಡುಕಿ ನೋಡೋಣ, ಪರೀಕ್ಷಕರೇ!" ಅವಳು ಕಣ್ಣರಳಿಸಿ ನಕ್ಕಳು.

ಅವನು ನಗಲಿಲ್ಲ.

"ಅಮ್ಮ ಇಲ್ಲಿ ಮೊಣಕೈ ಇಟ್ಕೊಂಡು ಓಡಿಸ್ತಿದ್ಲು... ವರ್ಷಗಟ್ಟಲೆ. ಅವಳು ಸವೆಸಿದ್ದು ಅದು. ಮೂಲ ಬಣ್ಣ ಒಂದು ಸಲ ಹೋದ್ರೆ ಮತ್ತೆ ಬರಲ್ಲ ಅಂತ ದಿನಾ ನಿನ್ನ ಮುಂದೆ ಬಡ್ಕೋತೀನಿ. ನೀನೇ... ಬೆಲೆ ಜಾಸ್ತಿ ಬರ್ಲಿ ಅಂತ ಮಾಡಿದ್ಯಾ? ಮಾರೋದು ಅಂದ್ಕೊಂಡ್ಯಾ?"

ಅವಳು ಅವನ ಕಣ್ಣುಗಳನ್ನೇ ನೋಡುತ್ತ ನಿಂತಳು. ಒಂದು ಕ್ಷಣ ಕಾದು ಅವನು ಕಾರು ಹತ್ತಿದ. ಕಾರು ಗೇಟು ದಾಟಿತು.

ಆಮೇಲೆ ಅವನು ಬರಲಿಲ್ಲ. ಫೋನ್ ಎತ್ತಲಿಲ್ಲ. ಅವಳು ಬಣ್ಣದ ಗನ್ ಮುಟ್ಟಲಿಲ್ಲ. ತಟ್ಟೆಯಲ್ಲಿ ಅನ್ನ ತಣ್ಣಗಾಗುವುದನ್ನು ನೋಡಿ ನೋಡಿ ಅಪ್ಪನಿಗೆ ಸಾಕಾಯಿತು.

"ಹೋಗಿ ಒಂದು ಮಾತು ಹೇಳಿ ಬಾರೇ. ಬೈದ್ರೆ ಬೈಸ್ಕೊಂಡು ಬಾ. ಹೀಗೆ ಒಳಗೊಳಗೇ ತುಕ್ಕು ಹಿಡೀಬೇಡ."

ಬೆಳಿಗ್ಗೆಯೇ ಹೋದಳು. ಅವನು ಮನೆಯ ಮುಂದೆ, ಆ ಕಾರಿಗೆ ಬೆನ್ನು ಕೊಟ್ಟು ಕೂತಿದ್ದ. ಗಡ್ಡ ಬೆಳೆದಿತ್ತು.

ಅವಳು ಚೀಲದಿಂದ ಉಪ್ಪುಕಾಗದ ತೆಗೆದಳು.

"ಉಜ್ಜಿ ತೆಗೀತೀನಿ... ಅದೇ ಆಕಾರಕ್ಕೆ ಸವೆಸ್ತೀನಿ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತಲ್ಲ," ಅಂದ. ಕೋಪವಿರಲಿಲ್ಲ, ದಣಿವಿತ್ತು. "ಅದು ನಿನ್ನ ಕೈ ಆಗುತ್ತೆ. ಅಮ್ಮಂದಲ್ಲ."

ಅವಳು ಉಪ್ಪುಕಾಗದವನ್ನು ಮಡಚಿ ಒಳಗಿಟ್ಟಳು. ಅಲ್ಲೇ ನೆಲದ ಮೇಲೆ ಕೂತಳು.

"ಬೆಲೆಗಲ್ಲ ಮಾಡಿದ್ದು. ಮದುವೆ ಕಾರು ಅಂದ್ರಲ್ಲ... ಆ ಖುಷೀಲಿ ಕೇಳೋದನ್ನೇ ಮರೆತೆ. ಕೇಳ್ಬೇಕಿತ್ತು. ಅಮ್ಮನ ಗುರುತು ಇನ್ನು ಬರಲ್ಲ... ಕ್ಷಮಿಸಿ ಅನ್ನೋಕೂ ಬಾಯಿ ಬರ್ತಿಲ್ಲ."

"ಆ ದಿನಾನೇ ಯಾಕೆ ಹೇಳ್ಲಿಲ್ಲ?"

"ನೀವು ಅಳ್ತಿದ್ರಿ."

ಅವನು ಬೆಚ್ಚಿ ನೋಡಿದ. ತಾನು ಅತ್ತದ್ದು ಅವನಿಗೇ ತಿಳಿದಿರಲಿಲ್ಲ! ಅಮ್ಮ ಹೋದ ದಿನವೂ ಅಳದವನು ಈಗ ಮುಖ ಮುಚ್ಚಿಕೊಂಡು ಬಿಕ್ಕಿದ. ಅವಳು ಪಕ್ಕದಲ್ಲೇ ಕೂತಿದ್ದಳು.

"ಊರವರ ಕಾರಿನ ಕಥೆಯೆಲ್ಲ ಕೆದಕಿ ಕೇಳ್ತೀನಿ," ಅಂದ ಕೊನೆಗೆ. "ನನ್ನದನ್ನ ನಿನಗೆ ಹೇಳಿರ್ಲೇ ಇಲ್ಲ. ಹೇಳಿದ್ರೆ ನೀನು ಮುಟ್ತಿರ್ಲಿಲ್ಲ."

"ಮುಟ್ತಿರ್ಲಿಲ್ಲ."

"ನಿನ್ನ ಮೇಲೆ ಹಾಕಿದ ಆ ಆರೋಪ ಸುಳ್ಳು. ಹಾಕುವಾಗ್ಲೇ ಗೊತ್ತಿತ್ತು ಕಣೇ... ಯಾರ ಮೇಲಾದ್ರೂ ಹಾಕ್ಬೇಕಿತ್ತು. ನೀನಿಲ್ಲದೆ ಇರೋಕಾಗ್ತಿಲ್ಲ ನನಗೆ."

ಅವಳ ಕಣ್ಣು ತುಂಬಿತು. ಮೆಲ್ಲಗೆ ಕೇಳಿದಳು.

"ಅತ್ತೆ... ಹೇಗೆ ಓಡಿಸ್ತಿದ್ರು?"

'ಅತ್ತೆ' ಎಂಬ ಮಾತಿಗೆ ಅವನ ತುಟಿ ಅದುರಿತು.

"ಅಯ್ಯೋ... ರಿವರ್ಸ್ ಹಾಕಿದ್ರೆ ಪಕ್ಕದ ಮನೆಯವ್ರು ಕಾಂಪೌಂಡ್ ಕಾಯೋಕೆ ಹೊರಗೆ ಬರ್ತಿದ್ರು!" ನಗಲು ಹೋಗಿ ಮತ್ತೆ ಅತ್ತ.

"ಇನ್ನೂ ಹೇಳಿ."

"ಹೇಳ್ತಾ ಹೋದ್ರೆ ಸಂಜೆ ಆಗುತ್ತೆ."

"ಆಗ್ಲಿ."

"ಆಮೇಲೆ ಹೋಗ್ಬಿಡ್ತೀಯಾ?"

"ಕಳಿಸ್ತೀರಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಮತ್ತೆ ಹೇಳತೊಡಗಿದ.