ಕತ್ತರಿಸಿದ ಫೋಟೊದಲ್ಲಿ ಉಳಿದವರು

ಟಿಣ್ ಎಂದು ಫೋನು ಸದ್ದು ಮಾಡಿದಾಗ ರಾತ್ರಿ ಹನ್ನೊಂದೂವರೆ. ಪಕ್ಕದ ಮಂಚದಲ್ಲಿ ಅಕ್ಕ ಮಗ್ಗುಲು ಬದಲಿಸಿದಳು.

ಸಂದೇಶ 'ಭೂತಗನ್ನಡಿ'ಯದು. ನಾವು ಬರೆಯುವ ಸಾಫ್ಟ್‌ವೇರ್ ಕೋಡಿನಲ್ಲಿ ತಪ್ಪು ಹುಡುಕುವ ಟೆಸ್ಟರ್‌ಗೆ ಆಫೀಸಿನಲ್ಲಿ ಇಟ್ಟ ಹೆಸರು ಅದು.

"ಮಲಗಿಬಿಟ್ರಾ? ನಿಮ್ಮ ಕೋಡಲ್ಲಿ ಒಂದು ತಪ್ಪು ಸಿಕ್ಕಿದೆ. ಇನ್ನೂ ಯಾರಿಗೂ ಹೇಳಿಲ್ಲ."

ಫೋಟೊದೊಳಗೆ ಕ್ಯಾಮೆರಾ ಬರೆದಿಡುವ ದಿನ, ಹೊತ್ತು, ಜಾಗ ಮುಂತಾದ ಮೆಟಾಡೇಟಾವನ್ನು, ಫೋಟೊ ಬೇರೆಯವರ ಕೈ ಸೇರುವ ಮೊದಲು ಅಳಿಸುವುದು ನನ್ನ ಕೋಡಿನ ಕೆಲಸ. ಮೂರು ಸಲ ನೋಡಿಯೇ ಕಳಿಸಿದ್ದೆ. ಮಾದರಿಗೆಂದು ಆಫೀಸಿನ ಕಿಟಕಿಯ ಹೂಕುಂಡದ ಫೋಟೊವನ್ನೂ ಜೊತೆಗಿಟ್ಟಿದ್ದೆ. ಬೆಳಿಗ್ಗೆ ಎರಡೂ ಗ್ರಾಹಕರಿಗೆಲ್ಲ ಹೋಗುವುದಿತ್ತು.

"ಏನು ತಪ್ಪು?"

"ಹೂಕುಂಡದ ಫೋಟೊ ಕತ್ತರಿಸಿದ್ರಲ್ಲ, ಅದರ ಥಂಬ್‌ನೇಲ್ ಹಾಗೇ ಉಳಿದಿದೆ."

ಮೆಟಾಡೇಟಾದ ಜೊತೆಗೇ ಕ್ಯಾಮೆರಾ ಫೋಟೊದ ಉಗುರಿನಷ್ಟು ಚಿಕ್ಕ ನಕಲೊಂದನ್ನು ಅಡಗಿಸಿಡುತ್ತದೆ. ದೊಡ್ಡದನ್ನು ಕತ್ತರಿಸಿದರೂ ಆ ಚಿಕ್ಕದು ಇಡಿಯಾಗಿ ಉಳಿದುಬಿಡಬಹುದು. ಉಳಿದೆಲ್ಲ ಅಳಿಸಿದ ನಾನು ಅದೊಂದನ್ನು ಮರೆತಿದ್ದೆ.

ಇಡೀ ಫೋಟೊದಲ್ಲಿ ಹೂಕುಂಡ ಇದ್ದದ್ದು ಮೂಲೆಯಲ್ಲಿ. ನಡುವೆ ಈ ಭೂತಗನ್ನಡಿಯವರೇ ಇದ್ದರು, ಕಿಟಕಿಯ ಬೆಳಕಿಗೆ ಕಣ್ಣು ಕಿರಿದು ಮಾಡಿ ನಗುತ್ತ.

"ಕುಂಡ ಮಸುಕಾಗಿದೆ. ನಾನು ಮಾತ್ರ ನಿಚ್ಚಳವಾಗಿದೀನಿ," ಎಂದು ಬರೆದರು.

ಅಕಸ್ಮಾತ್ ಆಯಿತು ಎಂದು ಬರೆದೆ. ಕಳಿಸದೆ ಅಳಿಸಿದೆ. ಇಷ್ಟು ದಿನ ಅಳಿಸಿದ್ದೇ ಸಾಕು ಅನ್ನಿಸಿತು.

"ಕುಂಡ ನೋಡಿ ತೆಗೆದದ್ದಲ್ಲ ಅದು."

ಕದ್ದು ಫೋಟೊ ತೆಗೆಯುವವಳು ಅಂದುಕೊಂಡರೇ? ಉಗುರು ಕಚ್ಚುತ್ತ ಕೂತೆ. ಆಮೇಲೆ ಅವರ ಸಂದೇಶ ಬಂತು: "ಮೇಲ್ ನೋಡಿ, ಒಂದು ಫೋಟೊ ಕಳಿಸಿದೀನಿ. ಅದನ್ನೂ ಸ್ವಲ್ಪ ಪರೀಕ್ಷೆ ಮಾಡಿ."

ಲ್ಯಾಪ್‌ಟಾಪ್ ತೆರೆದೆ. ಅವರು ಕಳಿಸಿದ ಫೋಟೊದಲ್ಲಿ ಮೇಜಿನ ಮೇಲೆ ಖಾಲಿ ಕಾಫಿ ಲೋಟ, ಅಷ್ಟೇ. ಥಂಬ್‌ನೇಲ್ ತೆಗೆದು ನೋಡಿದೆ. ಲೋಟದ ಆಚೆ ನಾನಿದ್ದೆ! ಜಡೆಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಸ್ಕ್ರೀನಿನ ಜೊತೆ ಜಗಳವಾಡುತ್ತಿದ್ದೆ. ತೆಗೆದ ದಿನಾಂಕವೂ ಹಾಗೇ ಇತ್ತು. ನಾನು ಅವರ ಫೋಟೊ ತೆಗೆಯುವುದಕ್ಕಿಂತ ಐದು ತಿಂಗಳು ಮೊದಲು.

"ಇದು ಅಳಿಸೋಕೆ ಮರೆತು ಬಿಟ್ಟಿದ್ದಾ?"

"ಭೂತಗನ್ನಡಿ ಕಣ್ರೀ ನಾನು. ಮರೀತೀನಾ?"

ತಪ್ಪು ಸರಿಪಡಿಸಲು ನಾಲ್ಕು ಸಾಲು ಸಾಕಾಯಿತು. ಮಾದರಿಗೆ ನನ್ನ ಚಪ್ಪಲಿಯ ಫೋಟೊ ಇಟ್ಟೆ. ಆಮೇಲೆ ಅವರಿಗೆ ಬರೆದೆ: "ನಾಳೆ ಕಾಫಿಗೆ ಹೋಗೋಣ. ಎದುರೆದುರೇ ನೋಡಬಹುದು."

"ಯಾರೇ ಅದು ಇಷ್ಟೊತ್ತಲ್ಲಿ?" ಅಕ್ಕ ಹೊದಿಕೆಯಿಂದ ತಲೆ ಹೊರಗೆ ಹಾಕಿದಳು.

"ಆಫೀಸಿಂದ. ನನ್ನದೊಂದು ತಪ್ಪು ಸಿಕ್ತಂತೆ."

"ತಪ್ಪು ಸಿಕ್ಕಿದ್ದಕ್ಕೆ ಹೀಗೆ ಹಲ್ಲು ಕಿರೀತಿದೀಯಾ?"

"ಮಲಕ್ಕೋ ಅಕ್ಕಾ."

ದೀಪ ಆರಿಸಿದೆ. ಆ ಎರಡು ಫೋಟೊಗಳನ್ನು ಮಾತ್ರ ನನ್ನ ಕೋಡಿಗೆ ಒಪ್ಪಿಸುವುದಿಲ್ಲ. ಈ ಸಂಗತಿ ಯಾರಿಗೂ ಹೇಳುವುದಿಲ್ಲ, ಕತ್ತಲಲ್ಲಿ ಕಿವಿ ನಿಮಿರಿಸಿ ಮಲಗಿರುವ ಅಕ್ಕನಿಗಂತೂ ಇಲ್ಲವೇ ಇಲ್ಲ.